ಗಣ ಸಿದ್ಧಾಂತದ ಹುಟ್ಟು: 1873ರ ಆ ಹತ್ತು ದಿನಗಳ ಪತ್ರಗಳು

ವಸ್ತುಗಳ ಗುಂಪುಗಳನ್ನು, ಅನಂತ ಗುಂಪುಗಳನ್ನೂ, ಅಧ್ಯಯನ ಮಾಡುವ ಗಣಿತದ ಶಾಖೆಯಾದ ಗಣ ಸಿದ್ಧಾಂತದ ಹುಟ್ಟಿನ ಕಥೆಯಲ್ಲಿ ನಾವು ಸಾಮಾನ್ಯವಾಗಿ ಕೇಳುವ ಹೆಸರು ಜರ್ಮನಿಯ ಗಣಿತಜ್ಞ ಗೇಯಾರ್ಗ್ ಕ್ಯಾಂಟರ್ ಅವರದೊಂದೇ. ಅದೇ ದೇಶದ ಬ್ರೌನ್‌ಶ್ವೈಗ್ ಊರಿನ ಗಣಿತಜ್ಞ ರಿಚರ್ಡ್ ಡೆಡೆಕಿಂಡ್ ಆ ಕಥೆಯ ಅಂಚಿನಲ್ಲೆಲ್ಲೋ ಉಳಿದುಬಿಡುತ್ತಾರೆ. ಹೀಗಾದದ್ದು ಹೇಗೆಂದು ತಿಳಿಯಲು ಅವರಿಬ್ಬರ ಪತ್ರಗಳನ್ನು ನೋಡಬೇಕು.

1845ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಓದಿ, ಹಾಲೆ ವಿಶ್ವವಿದ್ಯಾಲಯ ಸೇರಿದ ಕ್ಯಾಂಟರ್, 1872ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಡೆಡೆಕಿಂಡ್ ಅವರನ್ನು ಆಕಸ್ಮಿಕವಾಗಿ ಭೇಟಿಯಾದರು. ಮರುವರ್ಷ ನವೆಂಬರ್ 29ರಂದು ಅವರಿಗೆ ಒಂದು ಪ್ರಶ್ನೆ ಬರೆದು ಕಳಿಸಿದರು: 1, 2, 3 ಎಂಬ ಎಣಿಕೆಯ ಸಂಖ್ಯೆಗಳನ್ನು ಎಲ್ಲ ವಾಸ್ತವ ಸಂಖ್ಯೆಗಳೊಂದಿಗೆ, ಅಂದರೆ ಸಂಖ್ಯಾರೇಖೆಯ ಮೇಲಿನ ಎಲ್ಲ ಸಂಖ್ಯೆಗಳೊಂದಿಗೆ, ಒಂದಕ್ಕೊಂದರಂತೆ ಜೋಡಿಸಲು ಸಾಧ್ಯವೇ? ಉತ್ತರ ತಮಗೆ ತಿಳಿಯದೆಂದ ಡೆಡೆಕಿಂಡ್, ಬೈಜಿಕ ಸಂಖ್ಯೆಗಳನ್ನಾದರೆ, ಅಂದರೆ ಪೂರ್ಣಾಂಕ ಸಹಗುಣಕಗಳಿರುವ ಸಮೀಕರಣಗಳಿಗೆ ಪರಿಹಾರವಾಗಿ ಬರುವ 2ರ ವರ್ಗಮೂಲದಂಥ ಸಂಖ್ಯೆಗಳನ್ನಾದರೆ, ಹಾಗೆ ಜೋಡಿಸಬಹುದೆಂದು ಸಾಧಿಸಿ ತೋರಿಸಿದರು. ಉಪಾಯ ಸರಳವಾದದ್ದು. ಸಮೀಕರಣದ ಘಾತ ಮತ್ತು ಸಹಗುಣಕಗಳ ಗಾತ್ರವನ್ನು ಕೂಡಿಸಿ ಅದಕ್ಕೊಂದು 'ಎತ್ತರ' ಗೊತ್ತುಮಾಡಿದರೆ, ಒಂದೊಂದು ಎತ್ತರದಲ್ಲಿ ಸಿಗುವ ಸಮೀಕರಣಗಳು ಕೆಲವೇ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಎಣಿಸಿದರೆ ಒಂದೂ ತಪ್ಪಿಹೋಗುವುದಿಲ್ಲ.

ವಾಸ್ತವ ಸಂಖ್ಯೆಗಳನ್ನು ಹೀಗೆ ಎಣಿಸಲಾಗದು, ಯಾವ ಪಟ್ಟಿ ಮಾಡಿದರೂ ಅದಕ್ಕೆ ಸಿಗದ ಸಂಖ್ಯೆಯೊಂದು ಇದ್ದೇ ಇರುತ್ತದೆ ಎಂಬುದರ ಸಾಧನೆಯನ್ನು, ಅಂದರೆ ಗಣಿತದ ರುಜುವಾತನ್ನು, ಕ್ಯಾಂಟರ್ ಡಿಸೆಂಬರ್ 7ರಂದು ಕಳಿಸಿದರು. ಇದು ಸಂಪೂರ್ಣವಾಗಿ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಪತ್ರ ತಲುಪಿದ ದಿನವೇ ಡೆಡೆಕಿಂಡ್ ಅದನ್ನು ಸರಳಗೊಳಿಸಿ ಬರೆದರು. 9ರಂದು ಕ್ಯಾಂಟರ್ ತಾವೂ ಸರಳ ದಾರಿ ಕಂಡುಕೊಂಡಿರುವುದಾಗಿ ತಿಳಿಸಿದರು.

1874ರಲ್ಲಿ ಕ್ರೆಲ್ ಎಂಬ ಗಣಿತ ಪತ್ರಿಕೆಯಲ್ಲಿ ಬಂದ ಕ್ಯಾಂಟರ್ ಅವರ ಐದು ಪುಟಗಳ ಲೇಖನದ ಶೀರ್ಷಿಕೆ ಹೇಳುವುದು ಬೈಜಿಕ ಸಂಖ್ಯೆಗಳ ಬಗ್ಗೆ ಮಾತ್ರ. ಅನಂತದ ಮಾತನ್ನು ಮುಂದೆ ಮಾಡಲು ಪತ್ರಿಕೆ ಹೊರಡುತ್ತಿದ್ದ ಬರ್ಲಿನ್ನಿನ ವಾತಾವರಣ ಅನುಕೂಲವಾಗಿರಲಿಲ್ಲ. ಬೈಜಿಕ ಸಂಖ್ಯೆಗಳ ಸಾಧನೆ ಅದರಲ್ಲಿದೆ, ಡೆಡೆಕಿಂಡ್ ಹೆಸರಿಲ್ಲ.

ಸ್ನೇಹ ಅಲ್ಲಿಗೇ ಮುರಿಯಲಿಲ್ಲ. 1877ರಲ್ಲಿ, ಚೌಕದಲ್ಲಿರುವ ಬಿಂದುಗಳು ಅದರ ಒಂದು ಬದಿಯಲ್ಲಿರುವಷ್ಟೇ ಎಂಬ ಫಲಿತಾಂಶವನ್ನು ಕಳಿಸಿ, ಕಾಣುತ್ತಿದೆ, ನಂಬಲಾಗುತ್ತಿಲ್ಲ ಎಂದು ಕ್ಯಾಂಟರ್ ಬರೆದದ್ದೂ ಇವರಿಗೇ. 1882ರಲ್ಲಿ ಡೆಡೆಕಿಂಡ್ ಹಾಲೆಯ ಹುದ್ದೆಯನ್ನು ಒಲ್ಲೆನೆಂದ ಮೇಲೆ ಪತ್ರಗಳು ಬಹುಮಟ್ಟಿಗೆ ನಿಂತುಹೋದವು. ಮುಂದಿನ ದಶಕಗಳಲ್ಲಿ ಕ್ಯಾಂಟರ್ ಕಂಡದ್ದು ಮತ್ತೆ ಮತ್ತೆ ಮರುಕಳಿಸಿದ ಮಾನಸಿಕ ಕಾಯಿಲೆ, ವಾಸ್ತವ ಸಂಖ್ಯೆಗಳನ್ನು ಎಣಿಸಲಾಗದೆಂದು ಇನ್ನೊಂದು ಬಗೆಯಲ್ಲಿ ತೋರಿಸುವ 1891ರ ಪ್ರಸಿದ್ಧ ಕರ್ಣ ವಿಧಾನ, 1918ರಲ್ಲಿ ಹಾಲೆಯ ಆಸ್ಪತ್ರೆಯಲ್ಲಿ ಸಾವು.

ಪತ್ರಗಳು ಅಚ್ಚಾದದ್ದು 1937ರಲ್ಲಿ. ತಾವು ಬರೆದು ಕಳಿಸಿದ ಸಾಧನೆ ಹೆಚ್ಚುಕಡಿಮೆ ಅಕ್ಷರಶಃ ಕ್ರೆಲ್ ಪತ್ರಿಕೆಯಲ್ಲಿ ಬಂದಿದೆಯೆಂದು ಡೆಡೆಕಿಂಡ್ ತಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡಿದ್ದರು.