ಕೊಟೇಶನ್ ಚೀಟಿಯನ್ನು ಕೆಳಗಿನಿಂದ ಓದಿ

ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆಯಾದ ಎಸ್.ಪಿ. ರೋಡಿನಲ್ಲಿ ಗೇಮಿಂಗ್ ಪಿಸಿಗೆ ಕೊಟೇಶನ್ ಕೇಳಿದರೆ, ಚೀಟಿಯ ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಇರುತ್ತದೆ. ಆಮೇಲೆ ಎಲ್ಲ ಭಾಗಗಳನ್ನೂ ಜೋಡಿಸುವ ಬೋರ್ಡ್ (ಮದರ್‌ಬೋರ್ಡ್), ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಆಟಗಳನ್ನು ಉಳಿಸಿಡುವ ಎಸ್‌ಎಸ್‌ಡಿ. ಕೊನೆಗೆ ಪಿಸಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್. ಬಜೆಟ್ ಮೀರಿತೆಂದರೆ ಕತ್ತರಿ ಬೀಳುವುದು ಈ ಕೊನೆಯ ಮೂರು ಸಾಲುಗಳಿಗೆ. ಲಕ್ಷಗಟ್ಟಲೆ ಸುರಿದರೂ ಆಟ ತಡವರಿಸುವ, ನಡುವೆ ತಟ್ಟನೆ ಆಫ್ ಆಗುವ ಪಿಸಿಗಳು ಹುಟ್ಟುವುದು ಇಲ್ಲಿಂದಲೇ. ಅದಕ್ಕೇ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ ಎನ್ನುತ್ತೇನೆ.

ಎಲ್ಲಕ್ಕಿಂತ ಕೆಳಗಿರುವ ಮಾನಿಟರ್ ಮೇಲಿನ ಎಲ್ಲವನ್ನೂ ನಿರ್ಧರಿಸುತ್ತದೆ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 2560×1440ರಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಎದುರಾಳಿ ಎಲ್ಲಿದ್ದಾನೆ, ಗುಂಡು ಎಲ್ಲಿ ತಾಗಿತು ಎಂಬ ಲೆಕ್ಕ ಪ್ರೊಸೆಸರ್‌ನದು. ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಪಿಕ್ಸೆಲ್ ಹೆಚ್ಚಿದಂತೆ ಕಾರ್ಡಿನ ಹೊರೆ ಏರುತ್ತದೆ, ಪ್ರೊಸೆಸರ್‌ನದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವ್ಯಾಲೊರಂಟ್‌ನಂಥ ಗುಂಡು ಹಾರಿಸುವ ಸ್ಪರ್ಧೆಯ ಆಟವನ್ನು 1080ಪಿ (1920×1080), 240 ಹರ್ಟ್ಸ್ (ಸೆಕೆಂಡಿಗೆ 240 ಸಲ ಚಿತ್ರ ಬದಲಿಸುವ) ಪರದೆಯಲ್ಲಿ ಆಡುವವರಿಗೆ ಪ್ರೊಸೆಸರ್ ಮುಖ್ಯ. ದೊಡ್ಡ ಓಪನ್ ವರ್ಲ್ಡ್ ಆಟಗಳನ್ನು 1440ಪಿಯಲ್ಲಿ ಆಡುವವರು ಕಾರ್ಡಿಗೆ ದುಡ್ಡು ಹಾಕಬೇಕು. ಈಗಿರುವ ಪಿಸಿಯಲ್ಲಿ ಯಾವುದು ಸೋಲುತ್ತಿದೆ ಎಂದು ತಿಳಿಯಲು ಆಟದ ರೆಸಲ್ಯೂಶನ್ (ಪಿಕ್ಸೆಲ್ ಸಂಖ್ಯೆ) ಇಳಿಸಿ ನೋಡಿ. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರಿದರೆ ಕಾರ್ಡ್ ಸಾಲುತ್ತಿಲ್ಲ, ಏರದಿದ್ದರೆ ಪ್ರೊಸೆಸರ್ ಸಾಲುತ್ತಿಲ್ಲ.

ಕಾರ್ಡಿನ ಮೆಮೊರಿಯನ್ನೂ ಪರದೆಗೆ ತಕ್ಕಂತೆ ನೋಡಬೇಕು. ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಕಾರ್ಡ್ ಒಂದೇ ಹೆಸರಿನಲ್ಲಿ 8 ಜಿಬಿ, 16 ಜಿಬಿ ಎರಡೂ ಬರುತ್ತದೆ. ಚೀಟಿಯಲ್ಲಿ ಬರೀ ಹೆಸರಿದ್ದರೆ ಎಷ್ಟು ಜಿಬಿ ಎಂದು ಕೇಳಿ ಬರೆಸಿಕೊಳ್ಳಿ. 1440ಪಿಗೆ ಹೋಗುವವರು 16 ಜಿಬಿಯನ್ನೇ ತೆಗೆದುಕೊಳ್ಳಲಿ. ಮೆಮೊರಿ ತುಂಬಿದರೆ ಟೆಕ್ಸ್ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ಬೋರ್ಡಿನ ನಿಧಾನದ ಪಿಸಿಐಇ ದಾರಿಯಲ್ಲಿ ರ‍್ಯಾಮ್‌ಗೆ ಹೋಗಿ ಬರಬೇಕಾಗುತ್ತದೆ. ಆಗ ಸರಾಸರಿ ಎಫ್‌ಪಿಎಸ್ ಚೆನ್ನಾಗಿ ಕಂಡರೂ ಕ್ಯಾಮೆರಾ ತಿರುಗಿಸಿದಾಗಲೆಲ್ಲ ಆಟ ಜರ್ಕ್ ಹೊಡೆಯುತ್ತದೆ.

ಕ್ಯಾಬಿನೆಟ್ ಮುಂಭಾಗ ಜಾಲರಿ ಇರಲಿ, ಪೂರ್ತಿ ಗಾಜು ಮುಚ್ಚಿದ್ದು ಬೇಡ. ಉದ್ದದ ಲೆಕ್ಕ ಹಾಕಿಯೇ ಕೊಳ್ಳಿ. ಕಾರ್ಡಿಗೆ 360 ಮಿ.ಮೀ. ಜಾಗವಿದೆ ಎಂದಿಟ್ಟುಕೊಳ್ಳಿ. ಮುಂಭಾಗದಲ್ಲಿ ಪ್ರೊಸೆಸರ್ ತಂಪು ಮಾಡುವ ಲಿಕ್ವಿಡ್ ಕೂಲರ್‌ನ ರೇಡಿಯೇಟರ್ ಕೂರಿಸಿದರೆ ಅದರ 27, ಫ್ಯಾನಿನ 25 ಸೇರಿ 52 ಹೋಗಿ, 308 ಉಳಿಯುತ್ತದೆ. 330 ಮಿ.ಮೀ. ಕಾರ್ಡ್ ಅಲ್ಲಿ ಕೂರುವುದಿಲ್ಲ.

ಈಗ ಎಸ್‌ಎಂಪಿಎಸ್. ಚೀಟಿಯಲ್ಲಿ '650 ವ್ಯಾಟ್ ಎಸ್‌ಎಂಪಿಎಸ್' ಎಂದಷ್ಟೇ ಇದ್ದು ಮಾಡೆಲ್ ಹೆಸರಿಲ್ಲದಿದ್ದರೆ ಒಪ್ಪಬೇಡಿ. ಪ್ಯಾಕಿಂಗ್ ತೆರೆಸಿ, ಎಸ್‌ಎಂಪಿಎಸ್ ಬದಿಯಲ್ಲಿ ಅಂಟಿಸಿದ ಪಟ್ಟಿಯಲ್ಲಿ +12V ಕೆಳಗಿನ ಆಂಪಿಯರ್ ಓದಿ. 54 ಆಂಪಿಯರ್ ಇದ್ದರೆ 12ರಿಂದ ಗುಣಿಸಿ: 648 ವ್ಯಾಟ್. ಇದು ನಿಜವಾದ 650. ಅದೇ ಜಾಗದಲ್ಲಿ 30 ಎಂದಿದ್ದರೆ ಸಿಗುವುದು 360 ಮಾತ್ರ, ಮಿಕ್ಕಿದ್ದನ್ನು 3.3, 5 ವೋಲ್ಟ್ ಸಾಲುಗಳಲ್ಲಿ ತೋರಿಸಿ ಮೊತ್ತ ತುಂಬಿಸಿರುತ್ತಾರೆ. ಗ್ರಾಫಿಕ್ಸ್ ಕಾರ್ಡೂ ಪ್ರೊಸೆಸರೂ ಎಳೆಯುವುದು 12 ವೋಲ್ಟ್‌ನಿಂದಲೇ. ಆರ್‌ಟಿಎಕ್ಸ್ 5070 ಕಾರ್ಡಿಗೆ 250 ವ್ಯಾಟ್, ಎಎಂಡಿಯ ರೈಜನ್ 5 7600 ಪ್ರೊಸೆಸರ್‌ಗೆ ಗರಿಷ್ಠ 88, ಉಳಿದದ್ದಕ್ಕೆ 60 ಎಂದರೂ ಒಟ್ಟು 400ರ ಆಸುಪಾಸು. ಕಾರ್ಡು ಕ್ಷಣಮಾತ್ರ ಇದಕ್ಕೂ ಮೇಲೆ ಜಿಗಿಯುವುದರಿಂದ ಒಳ್ಳೆಯ 650 ಬೇಕು. ಎಸ್‌ಎಂಪಿಎಸ್ ಬದಲಿಸುವಾಗ ಹಳೆಯದರ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಲೇಬೇಡಿ. ಪಿನ್ನು ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಇರಬೇಕಾದಲ್ಲಿ 12 ಹೋದರೆ ಡ್ರೈವ್ ಸುಟ್ಟುಹೋಗುತ್ತದೆ. ಹೊಸ ಕಾರ್ಡುಗಳ 16 ಪಿನ್ ಕನೆಕ್ಟರನ್ನು ಸಂದಿ ಕಾಣದಂತೆ ಪೂರ್ತಿ ಒತ್ತಿ. ಅರೆಬರೆ ಕೂತದ್ದು ಬಿಸಿಯಾಗಿ ಕರಗಬಹುದು.

ಇದಕ್ಕೆ ಅಂಟಿಕೊಂಡೇ ಬರುವುದು ಮನೆಯ ಕರೆಂಟು. ಬೆಂಗಳೂರಿನಲ್ಲಿ ಮಳೆ ಗಾಳಿ ಬಂತೆಂದರೆ ಕರೆಂಟ್ ಹೋಗುವುದು ಇದ್ದದ್ದೇ, ಯುಪಿಎಸ್ ಬೇಕು. ಆದರೆ ಅದರ ಮೇಲಿನ 600 ವಿಎ (ವೋಲ್ಟ್-ಆಂಪಿಯರ್) ಎಂಬುದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360. ಮೇಲಿನ ಪಿಸಿಯನ್ನು ಮಾನಿಟರ್ ಸಮೇತ ಅದಕ್ಕೆ ಹಾಕಿದರೆ, ಆಟದ ನಡುವೆ ಕರೆಂಟ್ ಹೋದಾಗ ಯುಪಿಎಸ್ ಕೂಡ ಕೈಕೊಡುತ್ತದೆ. 660 ವ್ಯಾಟ್ ಕೊಡುವ 1100 ವಿಎ ನೋಡಿ. ಹಳೇ ಬಡಾವಣೆಯ ಬಾಡಿಗೆ ಮನೆಗಳಲ್ಲಿ ಸಾಕೆಟ್ಟಿಗೆ ಮೂರನೇ ತೂತು ಇದ್ದರೂ ಅದರ ಹಿಂದೆ ಅರ್ಥ್ ತಂತಿ ಇರದಿರಬಹುದು. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆಂದರೆ ಮೊದಲ ಅನುಮಾನ ಅರ್ಥಿಂಗ್ ಮೇಲಿರಲಿ. ಪಿಸಿ ಬಳಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ.

ಎಸ್‌ಎಸ್‌ಡಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ: 1 ಟಿಬಿಯ ಸಾಧಾರಣ ಎನ್‌ವಿಎಂಇ (ಬೋರ್ಡಿನ ಮೇಲೇ ಕೂರುವ ವೇಗದ ಎಸ್‌ಎಸ್‌ಡಿ) ಸಾಕು. ಸೆಕೆಂಡಿಗೆ 3,500 ಎಂಬಿ ಓದುವುದಕ್ಕೂ 7,000 ಓದುವುದಕ್ಕೂ ಆಟ ಲೋಡ್ ಆಗುವ ಹೊತ್ತಿನಲ್ಲಿ ವ್ಯತ್ಯಾಸ ಅತ್ಯಲ್ಪ.

ರ‍್ಯಾಮ್ ದುಬಾರಿಯಾಗಿರುವಾಗ 'ಈಗ ಒಂದು ಸ್ಟಿಕ್, ಆಮೇಲೆ ಇನ್ನೊಂದು' ಅನ್ನಿಸುವುದು ಸಹಜ. ಒಂದೇ ಸ್ಟಿಕ್ ಹಾಕಿದರೆ ಡ್ಯುಯಲ್ ಚಾನೆಲ್ (ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ಸಾಗುವ ಅನುಕೂಲ) ಸಿಗದು. ಬೇರೆ ಬೇರೆ ಕಾಲಕ್ಕೆ ಕೊಂಡ ಎರಡು ಹೊಂದಿಕೊಳ್ಳುವ ಖಾತ್ರಿಯೂ ಇಲ್ಲ. ಜೋಡಿಯಾಗಿ ಒಂದೇ ಡಬ್ಬಿಯಲ್ಲಿ ಬರುವುದನ್ನೇ ಕೊಳ್ಳಿ. ನಾಲ್ಕು ಸ್ಲಾಟ್‌ನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಿ. 6000 ವೇಗದ ಡಿಡಿಆರ್5 (ಈಗಿನ ತಲೆಮಾರಿನ ರ‍್ಯಾಮ್) ಎಂದು ಕೊಂಡದ್ದು, ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ವೇಗದ ಆಯ್ಕೆ ಆನ್ ಮಾಡುವವರೆಗೂ ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ. ಎಎಂ5 (ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್) ಬೋರ್ಡು ಮೊದಲ ಸಲ ಆನ್ ಆದಾಗ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಆಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಕೆಟ್ಟಿತೆಂದು ಹೆದರಿ ಆಫ್ ಮಾಡಬೇಡಿ.

ಬೋರ್ಡಿನ ಸಾಕೆಟ್ ಪ್ರೊಸೆಸರ್‌ಗೆ ಹೊಂದಿದರಷ್ಟೇ ಸಾಲದು. ಹಳೇ ಸ್ಟಾಕಿನ ಬಿ650 ಮಾದರಿಯ ಎಎಂ5 ಬೋರ್ಡಿಗೆ ರೈಜನ್ 9000 ಸರಣಿಯ ಪ್ರೊಸೆಸರ್ ಕೂರುತ್ತದೆ, ಆದರೆ ಬಯೋಸ್ ಅಪ್‌ಡೇಟ್ ಆಗದಿದ್ದರೆ ಚಾಲೂ ಆಗುವುದಿಲ್ಲ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕುವ ಗುಂಡಿ ಹಿಂಬದಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಒಂದರ ರ‍್ಯಾಮ್ ಇನ್ನೊಂದಕ್ಕೆ ಹೋಗುವುದಿಲ್ಲ.

ಹೀಗೆ ಮೇಲೇರಿ ಪ್ರೊಸೆಸರ್ ಸಾಲಿಗೆ ಬಂದಾಗ ಹಣ ಕಡಿಮೆ ಬಿದ್ದರೆ ಕತ್ತರಿ ಹಾಕಬೇಕಾದದ್ದು ಇಲ್ಲಿ. 240 ಹರ್ಟ್ಸ್‌ನಲ್ಲಿ ಸ್ಪರ್ಧೆಗೆ ಆಡುವವರನ್ನು ಬಿಟ್ಟರೆ, ಉಳಿದವರು ಎಂಟು ಕೋರ್ ಬದಲು ಆರು ಕೋರ್ ತೆಗೆದುಕೊಂಡರೆ 1440ಪಿಯಲ್ಲಿ ಕಳೆದುಕೊಳ್ಳುವುದು ಅಲ್ಪ. ಎಎಂ5 ಸಾಕೆಟ್ಟಿಗೆ ಕನಿಷ್ಠ 2027ರವರೆಗೆ ಬೆಂಬಲವಿದೆ ಎಂದು ಎಎಂಡಿ ಹೇಳಿದೆ. ಮುಂದೆ ಬೇಕೆನಿಸಿದರೆ ಬಯೋಸ್ ಅಪ್‌ಡೇಟ್ ಮಾಡಿ ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ಬೋರ್ಡು, ರ‍್ಯಾಮ್ ಅಲ್ಲೇ ಇರುತ್ತವೆ.