‘ನಾಳೆ ಬಾ’ ಎನ್ನುವ ಮೇಲ್ ಸರ್ವರ್

ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರ್‌ಗೆ ಒಂದು ರಾತ್ರಿ ಕೆಲಸ ಇದೆ. 2 ಗಂಟೆಗೆ ಎದ್ದು ಫೋಟೊ, ಕಾಗದಪತ್ರಗಳನ್ನೆಲ್ಲ ಇನ್ನೊಂದು ಡಿಸ್ಕ್‌ಗೆ ನಕಲು ಮಾಡಬೇಕು. ಆಮೇಲೆ ಕೆಲಸ ಹೇಗೆ ನಡೆಯಿತು ಅಂತ ನನಗೊಂದು ಮೇಲ್ ಹಾಕಬೇಕು. ಹೊಸದಾಗಿ ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿದ ಮೇಲೆ ಒಂಬತ್ತು ದಿನ ಒಂದು ಮೇಲೂ ಬರಲಿಲ್ಲ. ಗೆಳೆಯನನ್ನು ಕೇಳಿದೆ. ‘ಫಾರ್ಮ್ಯಾಟ್ ಮಾಡಿ ಮತ್ತೆ ಹಾಕು, ಸರಿಹೋಗುತ್ತೆ’ ಎಂದ. ಇನ್ನೊಬ್ಬರು ಎಂಟು ಸಾಲಿನ ಸೆಟಿಂಗ್ ಕಳಿಸಿ, ‘ಇದನ್ನ ಹಾಗೇ ಅಂಟಿಸಿ, ಕೆಲಸ ಮಾಡುತ್ತೆ’ ಎಂದರು.

ನನಗೆ ಬೇಜಾರಾಗುವುದು ಇಲ್ಲೇ. ಜ್ವರ ಎಷ್ಟಿದೆ ಅಂತ ನೋಡದೆ ತಾಯತ ಕಟ್ಟಿದ ಹಾಗಲ್ವಾ ಇದು? ಮೇಲ್ ಹೋಗದಿದ್ದರೆ ಕಾರಣ ಊಹೆ ಮಾಡಬೇಕಾಗಿಯೇ ಇಲ್ಲ. ಆಚೆ ಕಡೆಯ ಯಂತ್ರ ಅದನ್ನು ಮೂರು ಅಂಕಿಗಳಲ್ಲಿ ಹೇಳಿರುತ್ತದೆ. ನಮ್ಮ ಯಂತ್ರ ಆ ಉತ್ತರವನ್ನು ಲಾಗ್‌ನಲ್ಲಿ, ಅಂದರೆ ತನ್ನ ದಿನಚರಿ ಫೈಲ್‌ನಲ್ಲಿ, ಬರೆದಿಟ್ಟಿರುತ್ತದೆ. ನಾವು ತೆರೆದು ಓದುವುದಿಲ್ಲ, ಅಷ್ಟೇ.

ಎರಡು ಮೇಲ್ ಸರ್ವರ್‌ಗಳ ಮಾತುಕತೆ ಎಷ್ಟು ಸರಳ ಅಂದರೆ ಅದನ್ನು ಕೈಯಲ್ಲೇ ಟೈಪ್ ಮಾಡಬಹುದು. ಕನೆಕ್ಷನ್ ಸಿಕ್ಕ ಕೂಡಲೇ ಆಚೆಯವನು 220 ಅನ್ನುತ್ತಾನೆ. ಅಂದರೆ ‘ಇದ್ದೀನಿ, ಹೇಳಿ’. ನಾವು ನಮ್ಮ ಹೆಸರು ಹೇಳುತ್ತೇವೆ. 250, ‘ಆಗಲಿ’. ಯಾರಿಂದ ಅಂತ ಹೇಳುತ್ತೇವೆ. 250. ಯಾರಿಗೆ ಅಂತ ಹೇಳುತ್ತೇವೆ. ಮತ್ತೆ 250. ‘ಡೇಟಾ’ ಅಂದರೆ 354, ‘ಓದಿ ಹೇಳಿ, ಬರೆದುಕೊಳ್ಳುತ್ತೇನೆ’. ಕಾಗದ ಮುಗಿದಾಗ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಡಬೇಕು. ಅದಕ್ಕೆ ಬರುವ ಕೊನೆಯ 250 ತುಂಬಾ ತೂಕದ್ದು. ‘ಇನ್ನು ಈ ಕಾಗದದ ಹೊಣೆ ನನ್ನದು’ ಅಂತ ಅದರ ಅರ್ಥ. ಬಸ್ಸಿನಲ್ಲಿ ಪಾರ್ಸೆಲ್ ಹಾಕಿದಾಗ ಕೊಡುವ ರಸೀದಿಯ ಹಾಗೆ. ರಸೀದಿ ಸಿಕ್ಕಿತು ಅಂದರೆ ಪಾರ್ಸೆಲ್ ಶಿರಸಿಯ ಮನೆಗೆ ತಲುಪಿತು ಅಂತ ಅಲ್ಲ. ಲಾಗ್‌ನಲ್ಲಿ ‘ಸೆಂಟ್’ ಅಂತ ಕಂಡ ಮಾತ್ರಕ್ಕೆ ಮೇಲ್ ತಲುಪಿತು ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ಮುಂದಿನ ಕೈಗೆ ಹೋಯಿತು ಅಂತ ಮಾತ್ರ ಅದರ ಅರ್ಥ.

ಈ ಮೂರು ಅಂಕಿಗಳಲ್ಲಿ ನನಗೆ ಅಚ್ಚುಮೆಚ್ಚು ಮೊದಲನೆಯದು. 2 ಅಂದರೆ ಒಪ್ಪಿಗೆ. 3 ಅಂದರೆ ಮುಂದೆ ಹೇಳಿ. 4 ಅಂದರೆ ಈಗ ಆಗಲ್ಲ, ಆಮೇಲೆ ಬನ್ನಿ. 5 ಅಂದರೆ ಆಗುವುದೇ ಇಲ್ಲ. ರೇಷನ್ ಅಂಗಡಿಯಲ್ಲಿ ‘ಅಕ್ಕಿ ಇನ್ನೂ ಬಂದಿಲ್ಲ’ ಅಂದರೆ ಅದು 4. ‘ನಿಮ್ಮ ಕಾರ್ಡೇ ಇಲ್ಲಿಯದಲ್ಲ’ ಅಂದರೆ 5. ಡಾಕ್ಟರು ಊಟಕ್ಕೆ ಹೋಗಿದ್ದರೆ 4, ಈ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರೇ ಇಲ್ಲದಿದ್ದರೆ 5. 4 ಬಂದರೆ ನೀವು ಏನೂ ಮಾಡಬೇಕಾಗಿಲ್ಲ. ಪೋಸ್ಟ್‌ಫಿಕ್ಸ್‌ನಂಥ ಮೇಲ್ ಸಾಗಿಸುವ ಪ್ರೋಗ್ರಾಮ್ (ನನ್ನ ಕಂಪ್ಯೂಟರ್‌ನಲ್ಲಿರುವುದೂ ಅದೇ) ಮೇಲನ್ನು ಕ್ಯೂನಲ್ಲಿ ಇಟ್ಟುಕೊಂಡು ತಾನೇ ಮತ್ತೆ ಹೋಗುತ್ತದೆ. ಮೊದಲು ಐದು ನಿಮಿಷಕ್ಕೆ, ಆಮೇಲೆ ಬಿಡುವು ಹೆಚ್ಚಿಸುತ್ತಾ, ಕೊನೆಗೆ ಗಂಟೆಗೊಮ್ಮೆ ಅನ್ನುವಷ್ಟು. ಹೀಗೆ ಐದು ದಿನ ಅಲೆದು, ಆಮೇಲೆ ಕೈಚೆಲ್ಲಿ ಕಳಿಸಿದವರಿಗೇ ವಾಪಸ್ ಮಾಡುತ್ತದೆ. 5 ಬಂದರೆ ನೂರು ಸಲ ಕಳಿಸಿದರೂ ಅದೇ ಉತ್ತರ. ಆಗ ತಿದ್ದಬೇಕಾದವರು ನೀವು.

ಕೆಲವು ಸರ್ವರ್‌ಗಳು ಈ 4ನ್ನು ಬೇಕೆಂದೇ ಹೇಳುತ್ತವೆ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿತ್ತು. ರಾತ್ರಿ ಬಂದು ಪರಿಚಯದವರ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದಂತೆ. ದೆವ್ವವೂ ಇರಲಿಲ್ಲ, ಆ ಬರಹದಿಂದ ಬದುಕಿಕೊಂಡವರೂ ಇಲ್ಲ. ಮಕ್ಕಳು ಹೆದರಿ ನಿದ್ದೆಗೆಟ್ಟದ್ದು ಮಾತ್ರ ನಿಜ. ಆದರೆ 2003ರಲ್ಲಿ ಇವಾನ್ ಹ್ಯಾರಿಸ್ ಎಂಬವರು ಸ್ಪ್ಯಾಮ್ ತಡೆಯಲು ಮುಂದಿಟ್ಟ ಉಪಾಯ ನೋಡಿದರೆ ನನಗೆ ಆ ಬಾಗಿಲುಗಳೇ ನೆನಪಾಗುತ್ತವೆ. ಗುರುತಿಲ್ಲದ ಕಡೆಯಿಂದ ಮೇಲ್ ಬಂದರೆ ಮೊದಲ ಸಲ ಸುಮ್ನೆ ‘ಆಮೇಲೆ ಬಾ’ ಅನ್ನಬೇಕು. ನಿಜವಾದ ಸರ್ವರ್ ಕ್ಯೂ ಇಟ್ಟಿರುತ್ತದೆ, ಮತ್ತೆ ಬರುತ್ತದೆ. ಲಕ್ಷಗಟ್ಟಲೆ ಮೇಲ್ ಚೆಲ್ಲುವ ಸ್ಪ್ಯಾಮ್ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಕ್ಯೂ ಇಡುತ್ತಿರಲಿಲ್ಲ, ಹೋದವು ಹೋದೇ ಹೋದವು. ಇದಕ್ಕೆ ಗ್ರೇಲಿಸ್ಟಿಂಗ್ ಅಂತ ಹೆಸರು. ಬಾಗಿಲ ಬರಹಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಇದು ಯಾಕೆ ಕೆಲಸ ಮಾಡುತ್ತದೆ ಅಂತ ಲಾಗ್ ತೆರೆದು ಯಾರು ಬೇಕಾದರೂ ಪರೀಕ್ಷೆ ಮಾಡಿ ನೋಡಬಹುದು.

ಇನ್ನು ನನ್ನ ಕ್ಯೂ. ಟರ್ಮಿನಲ್‌ನಲ್ಲಿ ‘ಮೇಲ್‌ಕ್ಯೂ’ ಅಂತ ಹೊಡೆದೆ. ಐದು ಮೇಲ್‌ಗಳು ಸಾಲಾಗಿ ನಿಂತಿದ್ದವು. ಒಂದೊಂದರ ಕೆಳಗೂ ಒಂದೇ ಮಾತು: ‘ಕನೆಕ್ಷನ್ ಟೈಮ್ಡ್ ಔಟ್’. ಉಳಿದ ನಾಲ್ಕು ಐದು ದಿನದ ಗಡುವು ಮೀರಿ ವಾಪಸ್ ಬಂದು, ಅದೇ ಕಂಪ್ಯೂಟರ್ ಒಳಗಿನ ನನ್ನ ಲೋಕಲ್ ಮೇಲ್‌ಬಾಕ್ಸ್‌ನಲ್ಲಿ ಬಿದ್ದಿದ್ದವು. ಎಷ್ಟೋ ಜನಕ್ಕೆ ಅಂಥದ್ದೊಂದು ಡಬ್ಬಿ ಇದೆ ಅಂತಲೇ ಗೊತ್ತಿರುವುದಿಲ್ಲ.

4 ಇಲ್ಲ, 5 ಇಲ್ಲ, ಅಂಕಿಯೇ ಇಲ್ಲ. ಇದೂ ಒಂದು ಉತ್ತರವೇ. ಮಾತೇ ಶುರುವಾಗಿಲ್ಲ ಅಂದ ಮೇಲೆ ಪಾಸ್‌ವರ್ಡ್, ವಿಳಾಸ ಯಾವುದನ್ನೂ ಮುಟ್ಟಬೇಕಾಗಿಲ್ಲ. ದಾರಿ ಎಲ್ಲಿ ಮುಚ್ಚಿದೆ ಅಂತ ನೋಡಿದರೆ ಸಾಕು. ಪೋಸ್ಟ್‌ಫಿಕ್ಸ್ ಹಾಕುವಾಗ ಕೇಳುವ ಪ್ರಶ್ನೆಗೆ ನಾನು ‘ಇಂಟರ್ನೆಟ್ ಸೈಟ್’ ಅಂತ ಆರಿಸಿದ್ದೆ. ಹಾಗಂದರೆ ನಮ್ಮ ಮನೆಯ ಯಂತ್ರ ತಾನೇ ಒಂದು ಅಂಚೆ ಕಚೇರಿಯಾಗಿ, ಆಚೆಯ ಸರ್ವರ್‌ನ 25ನೇ ಪೋರ್ಟಿಗೆ, ಅಂದರೆ 25ನೇ ನಂಬರಿನ ಬಾಗಿಲಿಗೆ, ನೇರವಾಗಿ ಹೋಗುತ್ತದೆ. ಮನೆ ಇಂಟರ್ನೆಟ್ ಲೈನ್‌ಗಳಲ್ಲಿ ಆ 25ನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ.

ಯಾಕೆ ಮುಚ್ಚಿದರು? ಅದಕ್ಕೆ 1982ಕ್ಕೆ ಹೋಗಬೇಕು. ಆ ವರ್ಷದ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಮೇಲ್ ಸರ್ವರ್‌ಗಳ ಈ ಮಾತುಕತೆಯ, ಅಂದರೆ ಎಸ್‌ಎಂಟಿಪಿಯ, ನಿಯಮಗಳನ್ನು ಬರೆದು ಹೊರಗೆ ತಂದರು. ಅದರಲ್ಲಿ ಪಾಸ್‌ವರ್ಡ್ ಎಂಬುದೇ ಇರಲಿಲ್ಲ. ಆಗ ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನಲ್ಲಿ ಇದ್ದದ್ದೇ ಕೆಲವು ನೂರು ಕಂಪ್ಯೂಟರ್. ಎಲ್ಲರಿಗೂ ಎಲ್ಲರ ಪರಿಚಯ ಇರುವ ಹಳ್ಳಿಯಲ್ಲಿ ಚಿಲಕ ಹಾಕದೆ ಮಲಗಿದ ಹಾಗೆ. ಯಾರ ಮೇಲನ್ನು ಯಾರು ಬೇಕಾದರೂ ಮುಂದೆ ಸಾಗಿಸುತ್ತಿದ್ದರು, ಅದೇ ಮರ್ಯಾದೆ ಅನ್ನಿಸಿಕೊಳ್ಳುತ್ತಿತ್ತು. ನಿಜ ಹೇಳಬೇಕೆಂದರೆ ಕಳ್ಳತನದ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. 1978ರ ಮೇ 3ರಂದು ಡಿಇಸಿ ಕಂಪನಿಯ ಗ್ಯಾರಿ ಥುರ್ಕ್ ತಮ್ಮ ಹೊಸ ಕಂಪ್ಯೂಟರ್‌ನ ಜಾಹೀರಾತನ್ನು ಅರ್ಪಾನೆಟ್‌ನ ಸುಮಾರು 400 ಜನಕ್ಕೆ ಒಟ್ಟಿಗೆ ಕಳಿಸಿದ್ದರು. ಮೇಲ್ ಕಳಿಸುವಾಗ ಗುರುತು ಹೇಳುವ ಪದ್ಧತಿ ನಿಯಮವಾಗಿ ಬಂದದ್ದು 1999ರಲ್ಲಿ. ಅಷ್ಟರಲ್ಲಿ ಹಳ್ಳಿ ಮಹಾನಗರ ಆಗಿತ್ತು. 2003ರ ಸೋಬಿಗ್ ಥರದ ವೈರಸ್‌ಗಳು ಮನೆಮನೆಯ ಕಂಪ್ಯೂಟರ್‌ಗಳನ್ನೇ ಸ್ಪ್ಯಾಮ್ ಕಳಿಸುವ ಯಂತ್ರ ಮಾಡಿದವು. ಹಾಗಾಗಿ ಮನೆಗಳಿಂದ 25ಕ್ಕೆ ಹೋಗುವ ದಾರಿಗೆ ಬೀಗ ಬಿತ್ತು. ಬೀಗ ಹಾಕಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಇನ್ನೊಂದು ಮಾತು, ಎಲ್ಲೋ ಸಿಕ್ಕ ಸೆಟಿಂಗ್ ಅಂಟಿಸಿ ‘ಮೈನೆಟ್‌ವರ್ಕ್ಸ್’ನಲ್ಲಿ (ಯಾರ ಮೇಲನ್ನು ಸಾಗಿಸಬಹುದು ಅಂತ ಪೋಸ್ಟ್‌ಫಿಕ್ಸ್‌ಗೆ ಹೇಳುವ ಸಾಲು) ಲೋಕಕ್ಕೆಲ್ಲ ಬಾಗಿಲು ತೆರೆದಿಡಬೇಡಿ, ದಯವಿಟ್ಟು. ಅದರಿಂದ ನಿಮ್ಮ ಮೇಲ್ ಹೊರಗೆ ಹೋಗುವುದಿಲ್ಲ, ಕಂಡವರ ಸ್ಪ್ಯಾಮ್ ನಿಮ್ಮ ಹೆಸರಲ್ಲಿ ಹೋಗಬಹುದು.

ನಮ್ಮಂಥವರಿಗೆ ಬೇರೆ ಕೌಂಟರ್ ಇದೆ, 587. ಅದನ್ನು ಗೊತ್ತುಮಾಡಿದ್ದು 1998ರ ಡಿಸೆಂಬರ್‌ನಲ್ಲಿ. 25 ಅಂಚೆ ಕಚೇರಿಗಳು ತಮ್ಮತಮ್ಮಲ್ಲಿ ಚೀಲ ಬದಲಾಯಿಸುವ ಹಿಂಬಾಗಿಲು. 587 ಸಾರ್ವಜನಿಕರು ಗುರುತು ತೋರಿಸಿ ಕಾಗದ ಕೊಡುವ ಕಿಟಕಿ. ಮೇಲನ್ನು ಯಾರ ಕೈಗೆ ಕೊಡಬೇಕು ಅಂತ ಪೋಸ್ಟ್‌ಫಿಕ್ಸ್‌ಗೆ ಹೇಳುವ ರಿಲೇಹೋಸ್ಟ್ ಸಾಲಿನಲ್ಲಿ ನನ್ನ ಮೇಲ್ ಖಾತೆಯ ಸರ್ವರ್, ಮುಂದೆ 587 ಅಂತ ಬರೆದೆ. ಪಾಸ್‌ವರ್ಡ್ ಫೈಲ್ ಇಟ್ಟೆ.

ಈ ಸಲ ಮಾತು ಶುರುವಾಯಿತು, ಉತ್ತರವೂ ಬಂತು: 535. ಗುರುತು ಒಪ್ಪುವುದಿಲ್ಲ. ನನಗೆ ಖುಷಿಯೇ ಆಯಿತು, ದಾರಿ ತೆರೆದಿದೆ ಅಂತ ಖಾತ್ರಿಯಾಯಿತಲ್ಲ! ಅಂದ ಹಾಗೆ, 535 ಬಂದರೆ ಪೋಸ್ಟ್‌ಫಿಕ್ಸ್ ಮೇಲನ್ನು ಕೂಡಲೇ ವಾಪಸ್ ಮಾಡುವುದಿಲ್ಲ. ಪಾಸ್‌ವರ್ಡ್ ತಿದ್ದಲು ನಮಗೆ ಅವಕಾಶ ಇರಲಿ ಅಂತ ಕ್ಯೂನಲ್ಲೇ ಇಟ್ಟುಕೊಳ್ಳುತ್ತದೆ. ಈಗ ಎಷ್ಟೋ ಮೇಲ್ ಸೇವೆಗಳು ಇಂಥ ಪ್ರೋಗ್ರಾಮ್‌ಗಳಿಗೆ ಖಾತೆಯ ಮಾಮೂಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. ಜಿಮೇಲ್‌ನಲ್ಲಾದರೆ ಎರಡು ಹಂತದ ಲಾಗಿನ್ ಹಾಕಿಕೊಂಡು 16 ಅಕ್ಷರದ ‘ಆ್ಯಪ್ ಪಾಸ್‌ವರ್ಡ್’ ಬೇರೆ ಪಡೆಯಬೇಕು. ಪಡೆದೆ, ಫೈಲ್‌ನಲ್ಲಿ ಬರೆದೆ, ಕಳಿಸಿದೆ.

ಮತ್ತೆ 535.

ಲಾಗ್‌ನಲ್ಲಿ ಒಂದು ಸಾಲು ಮೇಲೆ ಓದಿದೆ. ‘ಡೇಟಾಬೇಸ್ ಮೂಲ ಫೈಲ್‌ಗಿಂತ ಹಳೆಯದು’ ಅಂತ ಎಚ್ಚರಿಕೆ ಇತ್ತು. ಪೋಸ್ಟ್‌ಫಿಕ್ಸ್ ಓದುತ್ತಿದ್ದದ್ದು ನಾನು ತಿದ್ದಿದ ಫೈಲನ್ನಲ್ಲ, ಅದರಿಂದ ಮೊದಲು ಕಟ್ಟಿಟ್ಟ ಡೇಟಾಬೇಸನ್ನು. ‘ಪೋಸ್ಟ್‌ಮ್ಯಾಪ್’ ಕಮಾಂಡ್ ಕೊಟ್ಟು ಹೊಸದಾಗಿ ಕಟ್ಟಿಸಬೇಕಿತ್ತು. ಕಟ್ಟಿಸಿ, ಕ್ಯೂ ಮತ್ತೆ ಓಡಿಸಿದೆ. ಐದು ಸಾಲು, ಐದರಲ್ಲೂ 250.

ಫೋನ್ ಐದು ಸಲ ಸದ್ದು ಮಾಡಿತು. ಹಳೆಯ ಎರಡು ಮೇಲ್‌ನಲ್ಲಿ ಬ್ಯಾಕಪ್ ಚೆನ್ನಾಗಿ ಮುಗಿದಿತ್ತು. ಉಳಿದ ಮೂರರಲ್ಲಿ ‘ಡಿಸ್ಕ್‌ನಲ್ಲಿ ಜಾಗ ಇಲ್ಲ’ ಅಂತ ಇತ್ತು. ಮೂರು ರಾತ್ರಿಯಿಂದ ಒಂದು ಫೋಟೊವೂ ನಕಲಾಗಿರಲಿಲ್ಲ.