‘ಕ್ಲರ್ಕ್’ ನಿವೃತ್ತಿಗೆ ಇಡೀ ಸದನವೇ ಏಕೆ ಧನ್ಯವಾದ ಹೇಳುತ್ತದೆ?

ಪ್ರಶ್ನೆ: ಬ್ರಿಟನ್ ಸಂಸತ್ತಿನಲ್ಲಿ ಕ್ಲರ್ಕ್ ಒಬ್ಬರು ನಿವೃತ್ತರಾದರೆ ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನದೆ ಸದಸ್ಯರೆಲ್ಲ ಎದ್ದು ಹೊಗಳುತ್ತಾರಂತೆ. ನಮ್ಮಲ್ಲಿ ಗುಮಾಸ್ತರು ನಿವೃತ್ತರಾದರೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ಅಲ್ಲಿಯದು ದೊಡ್ಡ ಮನಸ್ಸೋ, ಬರೀ ಆಡಂಬರವೋ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಕೈಬರಹದಲ್ಲಿ ಬರುತ್ತಲೇ ಇದೆ. ಪ್ರತಿ ಸಲವೂ ಅದರ ಹೊಟ್ಟೆಯಲ್ಲಿ ಅದೇ ಒಂದು ತಪ್ಪು ತಿಳಿವಳಿಕೆ ಕಾಲು ಚಾಚಿ ಮಲಗಿರುತ್ತದೆ. ಅದನ್ನು ಎಬ್ಬಿಸಿ ಹೊರಗೆ ಕಳುಹಿಸದೆ ಮುಂದೆ ಹೋಗುವಂತಿಲ್ಲ.

ಬ್ರಿಟನ್ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಕ್ಲರ್ಕ್ ಎಂದರೆ ಗುಮಾಸ್ತರಲ್ಲ. ‘ಹಾಗಾದರೆ ಹೆಡ್ ಕ್ಲರ್ಕ್ ಎನ್ನಿ’ ಎಂದು ಹಿಂದೊಮ್ಮೆ ಒಬ್ಬರು ರಾಜಿಗೆ ಬಂದಿದ್ದರು. ಅದೂ ಅಲ್ಲ. ಲ್ಯಾಟಿನ್ನಿನ ‘ಕ್ಲೆರಿಕಸ್’ ಎಂದರೆ ಪಾದ್ರಿ. ಓದುಬರಹ ಬಹುಪಾಲು ಪಾದ್ರಿಗಳ ಕೈಯಲ್ಲೇ ಇದ್ದ ಕಾಲದಲ್ಲಿ ಆ ಪದಕ್ಕೆ ಅಕ್ಷರ ಬಲ್ಲವನು ಎಂಬ ಅರ್ಥವೂ ಕೂಡಿಕೊಂಡಿತು. ನಮ್ಮ ಶಾನುಭೋಗರ ಲೆಕ್ಕಣಿಕೆಗೆ ಊರೇ ಅಂಜುತ್ತಿದ್ದುದನ್ನು ಅಜ್ಜಂದಿರಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಾಂತರದಲ್ಲಿ ಕಚೇರಿಗಳು ಬೆಳೆದು ಪದ ಕೆಳಗಿಳಿಯಿತು. ಸಂಸತ್ತಿನಲ್ಲಿ ಮಾತ್ರ ಅದು ಇದ್ದ ಎತ್ತರದಲ್ಲೇ ಉಳಿಯಿತು.

ಹೆಸರು ತಿಳಿದಿರುವ ಮೊದಲ ಕ್ಲರ್ಕ್ ರಾಬರ್ಟ್ ಡಿ ಮೆಲ್ಟನ್, ನೇಮಕವಾದದ್ದು 1363ರಲ್ಲಿ. ಇಂದಿಗೂ ಈ ಹುದ್ದೆಗೆ ರಾಜಮುದ್ರೆಯ ಸನ್ನದಿನ ಮೂಲಕವೇ ನೇಮಕ. ಸ್ಪೀಕರ್ ಪೀಠದ ಕೆಳಗಿನ ಮೇಜಿನ ಬಳಿ ಕುಳಿತು, ಯಾರಾದರೂ ಕ್ರಿಯಾಲೋಪ, ಅಂದರೆ ನಿಯಮ ಮುರಿದಿದೆ ಎಂಬ ಆಕ್ಷೇಪ, ಎತ್ತಿದ ಕೂಡಲೇ ಪೀಠಕ್ಕೆ ನಿಯಮ ತಿಳಿಸುವವರು ಇವರು. ಕಾಮನ್ಸ್ ಅಂಗೀಕರಿಸಿದ ಮಸೂದೆ ಮೇಲ್ಮನೆಗೆ ಹೊರಡುವಾಗ ಅದರ ಮೇಲೆ ‘ಪ್ರಭುಗಳಿಗೆ ಒಪ್ಪಿಸಲಿ’ ಎಂದು ಹಳೆಯ ನಾರ್ಮನ್ ಫ್ರೆಂಚ್‌ನಲ್ಲಿ ಷರಾ ಬೀಳುವುದೂ ಇವರ ಹೆಸರಿನಲ್ಲೇ. 1970ರ ದಶಕದ ಆರಂಭದವರೆಗೆ ಹೊಸ ಸ್ಪೀಕರ್ ಆಯ್ಕೆಯನ್ನು ನಡೆಸುತ್ತಿದ್ದವರೂ ಇವರೇ. ಮಾತನಾಡುವ ಅಧಿಕಾರ ಇಲ್ಲದ್ದರಿಂದ, ಎದ್ದು ನಿಂತು ಮುಂದೆ ಮಾತನಾಡಬೇಕಾದ ಸದಸ್ಯರತ್ತ ಬೆರಳು ತೋರಿಸಿ ಕುಳಿತುಕೊಳ್ಳುತ್ತಿದ್ದರು. ಗುಮಾಸ್ತರ ಬೆರಳಿಗೆ ಯಾವ ಸದನ ಕಾದು ಕುಳಿತೀತು?

ಅಮೆರಿಕದ ಜನಪ್ರತಿನಿಧಿ ಸಭೆಯಲ್ಲೂ ಇದೇ ಹೆಸರಿನ ಹುದ್ದೆಯಿದೆ. 2023ರ ಜನವರಿಯಲ್ಲಿ ಸ್ಪೀಕರ್ ಆಯ್ಕೆ 15 ಸುತ್ತುಗಳ ಮತದಾನದವರೆಗೆ ಎಳೆಯಿತಲ್ಲ, ಅಷ್ಟೂ ದಿನ ಸುತ್ತಿಗೆ ಹಿಡಿದು ಸಭೆ ನಡೆಸಿದವರು ಕ್ಲರ್ಕ್ ಶೆರಿಲ್ ಜಾನ್ಸನ್.

ಇನ್ನೂ ನಂಬಿಕೆ ಬಾರದವರಿಗಾಗಿ ಥಾಮಸ್ ಅರ್ಸ್ಕಿನ್ ಮೇ. 1831ರಲ್ಲಿ ಕಾಮನ್ಸ್ ಗ್ರಂಥಾಲಯದಲ್ಲಿ ಸಹಾಯಕನಾಗಿ ಸೇರಿದ ಹುಡುಗ. 1844ರಲ್ಲಿ ಸಂಸತ್ತಿನ ನಡಾವಳಿಯ ಬಗ್ಗೆ ಅವರು ಬರೆದ ಗ್ರಂಥ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. 2019ರಲ್ಲಿ ಅದರ 25ನೆಯ ಆವೃತ್ತಿ ಬಂತು. 1871ರಿಂದ 1886ರವರೆಗೆ ಅವರು ಕ್ಲರ್ಕ್ ಆಗಿದ್ದರು. ನಿವೃತ್ತಿಯಾದ ಮೇಲೆ ಬ್ಯಾರನ್ ಫಾರ್ನ್‌ಬರೋ ಎಂಬ ಪದವಿ ದೊರೆಯಿತು. ಪಾಪ, ಅದನ್ನು ಹೆಚ್ಚು ದಿನ ಅನುಭವಿಸಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡರು.

ಈಗ ಮೂಲ ಪ್ರಶ್ನೆ. ಧನ್ಯವಾದ ಹೇಳಲು ಸದನವೇ ಏಕೆ ಗೊತ್ತುವಳಿ ತರಬೇಕು? ಕ್ಲರ್ಕ್ ಸರ್ಕಾರದ ನೌಕರರಲ್ಲ, ಸದನದ ನೌಕರರು. ಮಂತ್ರಿಗೂ, ಮಂತ್ರಿಯನ್ನು ಕೆಳಗಿಳಿಸಲು ಹೊರಟ ಸದಸ್ಯನಿಗೂ ಒಂದೇ ಪ್ರಾಮಾಣಿಕತೆಯಿಂದ ನಿಯಮ ಹೇಳಿಕೊಡಬೇಕಾದವರು. ನಿವೃತ್ತಿಯ ದಿನ ಎರಡೂ ಕಡೆಯವರು ಎದ್ದು ನಿಲ್ಲುವುದು ಅದಕ್ಕೇ. ಹೊಗಳಿಕೆಗೆ ಪ್ರತಿಯಾಗಿ ಸದನದಲ್ಲಿ ನಾಲ್ಕು ಮಾತು ಆಡುವ ಹಕ್ಕು ಮಾತ್ರ ಅವರಿಗಿಲ್ಲ. ಸದನದ ಕೃತಜ್ಞತೆಯನ್ನು ಅವರಿಗೆ ತಲುಪಿಸಿ ಎಂದು ಸದಸ್ಯರು ಸ್ಪೀಕರ್ ಅವರನ್ನು ಕೋರುತ್ತಾರೆ, ಅಷ್ಟೇ.

ನಮ್ಮಲ್ಲಿ ಇದಕ್ಕೆ ಸಮನಾದ ಹುದ್ದೆ ಲೋಕಸಭೆಯಲ್ಲಿ ಮಹಾಕಾರ್ಯದರ್ಶಿ, ಬೆಂಗಳೂರಿನಲ್ಲಿ ವಿಧಾನಸಭೆಯ ಕಾರ್ಯದರ್ಶಿ. ಹೋಲಿಸುವುದಾದರೆ ಇವರಿಗೆ ಹೋಲಿಸಿ. ತಾಲ್ಲೂಕು ಕಚೇರಿಯ ಎರಡನೇ ದರ್ಜೆ ಸಹಾಯಕರನ್ನು ಬಿಟ್ಟುಬಿಡಿ. ಶಾಸನಸಭೆಗೆ ಸರ್ಕಾರದ ಹಿಡಿತದಿಂದ ಹೊರಗಿರುವ ಸ್ವಂತ ಕಚೇರಿ ಬೇಕೆಂದು ಹಟ ಹಿಡಿದು 1929ರಲ್ಲಿ ಅದನ್ನು ಪಡೆದವರು ಕೇಂದ್ರ ಶಾಸನಸಭೆಯ ಅಧ್ಯಕ್ಷರಾಗಿದ್ದ ವಿಠ್ಠಲಭಾಯಿ ಪಟೇಲ್. ಸಂವಿಧಾನದ 98ನೆಯ ವಿಧಿ ಸಂಸತ್ತಿಗೆ, 187ನೆಯ ವಿಧಿ ರಾಜ್ಯಗಳ ಶಾಸಕಾಂಗಕ್ಕೆ ಅದನ್ನೇ ಖಾತರಿ ಮಾಡಿವೆ. ಲೋಕಸಭೆಯ ಕಾರ್ಯದರ್ಶಿಯಾಗಿದ್ದ ಎಂ.ಎನ್. ಕೌಲ್ 1964ರಲ್ಲಿ ನಿವೃತ್ತರಾದರು. ಎರಡೇ ವರ್ಷಕ್ಕೆ ರಾಜ್ಯಸಭೆಗೆ ನಾಮಕರಣಗೊಂಡರು. ಗೌರವಿಸುವುದು ನಮಗೂ ಗೊತ್ತು.

ಹೊಗಳಿ ಕಳುಹಿಸಿದ ಮೇಲೆ ಆ ಕುರ್ಚಿಗೆ ಯಾರು? ಇದನ್ನು ಯಾರೂ ಕೇಳಿಲ್ಲ. ನನಗೆ ಮಾತ್ರ ಸ್ವಾರಸ್ಯವಿರುವುದು ಇಲ್ಲೇ. 2014ರಲ್ಲಿ, ಕಾಮನ್ಸ್‌ನಲ್ಲಿ ನಾಲ್ಕು ದಶಕ ದುಡಿದ ಕ್ಲರ್ಕ್ ರಾಬರ್ಟ್ ರೋಜರ್ಸ್ ನಿವೃತ್ತರಾದರು. ಅವರ ಜಾಗಕ್ಕೆ ಆಸ್ಟ್ರೇಲಿಯಾದ ಸಂಸತ್ ಆಡಳಿತ ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬರ ಹೆಸರು ಮುಂದೆ ಬಂತು. ಕಟ್ಟಡ, ಖರ್ಚು, ಸಿಬ್ಬಂದಿ ಎಲ್ಲ ಅವರಿಗೆ ಗೊತ್ತು, ಸದನದ ನಡಾವಳಿ ಗೊತ್ತಿಲ್ಲ ಎಂದು ಸದಸ್ಯರು ತಿರುಗಿಬಿದ್ದರು. ಸ್ಪೀಕರ್ ಜಾನ್ ಬರ್ಕೋ ನೇಮಕವನ್ನು ತಡೆಹಿಡಿಯಬೇಕಾಯಿತು. ಕೊನೆಗೆ ಹಿರಿಯ ಸದಸ್ಯ ಜ್ಯಾಕ್ ಸ್ಟ್ರಾ ನೇತೃತ್ವದ ಸಮಿತಿ ಹುದ್ದೆಯನ್ನೇ ಸೀಳಿತು: ನಿಯಮಾವಳಿಗೆ ಕ್ಲರ್ಕ್, ಆಡಳಿತಕ್ಕೆ ಬೇರೊಬ್ಬ ಮಹಾನಿರ್ದೇಶಕ. ಮದುವೆ ಮನೆಯಲ್ಲಿ ಮಂತ್ರ ಹೇಳುವವರೇ ಅಡುಗೆಯ ಉಸ್ತುವಾರಿಯನ್ನೂ ನೋಡಲಿ ಎಂದರೆ ಹೀಗೇ ಆಗುವುದು.

ಆ ಜಗಳ ಮುಗಿದ ಮೇಲೆ 2015ರಲ್ಲಿ ಕ್ಲರ್ಕ್ ಆದವರು, 1975ರಿಂದ ಅಲ್ಲೇ ಇದ್ದ ಡೇವಿಡ್ ನ್ಯಾಟ್ಜ್ಲರ್. 2019ರಲ್ಲಿ ಅವರು ನಿವೃತ್ತರಾದಾಗಲೂ ಸದನ ಧನ್ಯವಾದ ಹೇಳಿತು. ಕ್ಲರ್ಕ್‌ಗಳ ತಲೆಯ ಮೇಲಿನ ಆ ಪ್ರಸಿದ್ಧ ಕೃತಕ ಕೂದಲಿನ ಟೋಪಿ ಮಾತ್ರ ಅಷ್ಟು ಹೊತ್ತಿಗೆ ಇರಲಿಲ್ಲ. 2017ರಲ್ಲಿ ಬರ್ಕೋ ಅದನ್ನು ತೆಗೆಸಿದ್ದರು. ಆ ಸಲ ಸದಸ್ಯರಲ್ಲಿ ಕೆಲವರು ಗೊಣಗಿದ್ದೂ ಉಂಟು.